ಮೂರೂಮುಕ್ಕಾಲರ ಕಳ್ಳ

ಬೆಳಗಿನ ಜಾವ ಮೂರೂಮುಕ್ಕಾಲಿಗೆ ಮುಂಬಯಿಯಲ್ಲಿ ಎದ್ದಿರುವವರು ಮೂರೇ ಜಾತಿ: ಹಾಲಿನವರು, ಕಳ್ಳರು ಮತ್ತು ಟ್ರಯಥ್ಲಾನ್‌ನವರು. ಮೊದಲಿನ ಇಬ್ಬರಿಗೆ ಅದರಿಂದ ಸಂಪಾದನೆ ಉಂಟು. ಮೂರನೆಯವನು ಕೈಯಿಂದ ದುಡ್ಡು ಹಾಕಿ ಏಳುತ್ತಾನೆ.

ನಾನು ಈ ಮೂರನೆಯ ಜಾತಿಗೆ ಸೇರಿ ಏಳು ತಿಂಗಳಾಯಿತು. ವಯಸ್ಸು ನಲವತ್ನಾಲ್ಕು, ಮನೆ ಡೊಂಬಿವಲಿ ಪೂರ್ವದಲ್ಲಿ, ಆಫೀಸು ಫೋರ್ಟಿನಲ್ಲಿ, ಕೆಲಸ ಲೆಕ್ಕಪತ್ರದ್ದು. ಮೊದಲ ದಿನ ಸೈಕಲನ್ನು ಲಿಫ್ಟಿಗೆ ತುಂಬಿಸಿದೆ. ನಮ್ಮ ಲಿಫ್ಟು ನಾಲ್ಕು ಜನರದ್ದು, ಆ ನಾಲ್ವರೂ ಉಪವಾಸದವರಾಗಿರಬೇಕು. ಹಾಗಾಗಿ ಸೈಕಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ, ಮೈಮೇಲೆ ಬಂದವನನ್ನು ಹಿಡಿದುಕೊಳ್ಳುವ ಹಾಗೆ ತಬ್ಬಿಕೊಂಡು ಕೆಳಗಿಳಿದೆ. ಮೈಗಂಟಿದ ಕಪ್ಪು ಬಟ್ಟೆ, ತಲೆಗೆ ಹೆಲ್ಮೆಟ್ಟು, ಬೆನ್ನ ಹಿಂದೆ ಮಿಣುಕುವ ಕೆಂಪು ದೀಪ. ವಾಚ್‌ಮನ್ ದಡಬಡಿಸಿ ಎದ್ದು, “ಸಾಬ್, ಹಾಸ್ಪಿಟಲ್?” ಎಂದ. “ನಹೀ, ಪ್ರಾಕ್ಟೀಸ್” ಎಂದೆ. ಆಸ್ಪತ್ರೆಯೇ ಆಗಿದ್ದರೆ ವಾಸಿಯಿತ್ತು ಎಂಬ ಮುಖದಲ್ಲಿ ಗೇಟು ತೆರೆದ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಟ್ರಯಥ್ಲಾನ್ ಎಂದರೆ ಮೊದಲು ಈಜುವುದು, ಒದ್ದೆ ಮೈಯಲ್ಲೇ ಸೈಕಲ್ ಹತ್ತುವುದು, ಇಳಿದದ್ದೇ ಓಡುವುದು. ಇದರ ದೊಡ್ಡಣ್ಣನ ಹೆಸರು ಐರನ್‌ಮ್ಯಾನ್: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ. ಓಟ. ಇದು ಹುಟ್ಟಿದ್ದು ಒಂದು ಜಗಳದಿಂದ. ಈಜುವವರು ಗಟ್ಟಿಯೋ, ಓಡುವವರು ಗಟ್ಟಿಯೋ, ಸೈಕಲ್‌ನವರೋ ಎಂಬ ಹರಟೆ ಹವಾಯಿಯಲ್ಲಿ ಎದ್ದಾಗ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಮೂರನ್ನೂ ಒಂದೇ ದಿನ ಮಾಡಿ ತೋರಿಸಿ ಎಂದರಂತೆ. 1978ರಲ್ಲಿ ಹದಿನೈದು ಮಂದಿ ಹೊರಟರು, ಹನ್ನೆರಡು ಮಂದಿ ಮುಟ್ಟಿದರು. ಎರಡನೆಯ ಸ್ಥಾನ ಬಂದವನ ನೀರು ನಡುವೆಯೇ ಖಾಲಿಯಾಗಿ ಜೊತೆಯವರು ಬಿಯರ್ ಕುಡಿಸಿದರೆಂದು ಹೇಳುತ್ತಾರೆ. ಮುಗಿಸಿದವರು ಬದುಕಿಡೀ ಕೊಚ್ಚಿಕೊಳ್ಳಬಹುದು ಎಂದು ಆಗಲೇ ನಿಯಮದ ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಆದ್ದರಿಂದ ಇದು ಮೂರು ಆಟಗಳ ಸ್ಪರ್ಧೆ ಎನ್ನುವುದು ತಪ್ಪು. ನಾಲ್ಕನೆಯದು ಕೊಚ್ಚಿಕೊಳ್ಳುವುದು. ನಮ್ಮ ಊರಿನ ಹವ್ಯಾಸಿಗಳು ಅದರಲ್ಲಿ ಮೊದಲ ದಿನವೇ ಪಳಗುತ್ತಾರೆ, ಉಳಿದ ಮೂರು ನಿಧಾನಕ್ಕೆ ಬರುತ್ತವೆ.

ಐರನ್‌ಮ್ಯಾನ್ ಎಂದರೆ ಉಕ್ಕಿನ ಮನುಷ್ಯ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಉಕ್ಕಿನ ಮನುಷ್ಯ ಒಬ್ಬರೇ, ಸರ್ದಾರ್ ಪಟೇಲರು. ಅವರು ಐನೂರಕ್ಕೂ ಮಿಕ್ಕ ಸಂಸ್ಥಾನಗಳನ್ನು ಜೋಡಿಸಿದರು, ಅದೂ ಧೋತರದಲ್ಲಿ. ನನಗೆ ಒಂದು ವಾರವನ್ನು ಜೋಡಿಸಲಿಕ್ಕೆ ಇಷ್ಟು ಸಾಮಾನು ಬೇಕಾಗಿದೆ.

ಹುಚ್ಚು ಹಿಡಿಸಿದವರು ಯಾರು ಎಂದು ಹೆಂಡತಿ ಕೇಳುತ್ತಾಳೆ. ಒಬ್ಬರೆಂದು ಹೇಗೆ ಹೇಳಲಿ? 2015ರಲ್ಲಿ ಮಾಡೆಲ್ ಮಿಲಿಂದ್ ಸೋಮನ್, ಐವತ್ತರ ಹೊಸ್ತಿಲಲ್ಲಿ, ಜ್ಯೂರಿಕ್‌ನಲ್ಲಿ ಪೂರ್ತಿ ಐರನ್‌ಮ್ಯಾನನ್ನು ಹದಿನೈದು ಗಂಟೆ ಹತ್ತೊಂಬತ್ತು ನಿಮಿಷದಲ್ಲಿ ಮುಗಿಸಿದರು. ಆ ಫೋಟೋ ನೋಡಿ ಮುಂಬಯಿಯ ಎಷ್ಟು ಗಂಡಸರು ಉಸಿರು ಬಿಗಿಹಿಡಿದು ಕನ್ನಡಿ ಮುಂದೆ ನಿಂತರೋ, ಅವರವರ ಹೆಂಡಂದಿರಿಗೇ ಗೊತ್ತು. 2019ರಲ್ಲಿ ಇದರ ಅರ್ಧ ಅಳತೆಯದ್ದು, ಒಟ್ಟು 113 ಕಿ.ಮೀ.ನದ್ದು, ಗೋವಾಕ್ಕೇ ಬಂತು. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಎಂಟೂವರೆ ಗಂಟೆಯ ಒಳಗೆ ಮುಗಿಸಿದರು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು ಅವರ ಮತದಾರರಿಗೆ ಹಿಡಿಯುವ ಹೊತ್ತನ್ನು ನೆನೆದರೆ ಅದು ಮಿಂಚಿನ ವೇಗವೇ. ಕೊನೆಗೆ, ನಮ್ಮ ಆಫೀಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕವನೊಬ್ಬ ಗೋವಾದ ಮೆಡಲನ್ನು ತನ್ನ ಕಂಪ್ಯೂಟರಿನ ಮೂಲೆಗೆ ನೇತುಹಾಕಿದ. ಅವನ ಬಡ್ತಿಯನ್ನು ಸಹಿಸಿಕೊಂಡಿದ್ದೆ. ಮೆಡಲನ್ನು ಸಹಿಸಲಾಗಲಿಲ್ಲ.

ನಾನೂ ಗೋವಾಕ್ಕೆ ದುಡ್ಡು ಕಟ್ಟಿದೆ. ಆನ್‌ಲೈನ್ ಕೋಚ್ ಒಬ್ಬರು ವಾರದ ತಖ್ತೆ ಕಳಿಸಿದರು. ಸೋಮವಾರ ವಿಶ್ರಾಂತಿ, ಮಂಗಳವಾರ ಓಟ, ಬುಧವಾರ ಬೆಳಿಗ್ಗೆ ಈಜು, ರಾತ್ರಿ ಸೈಕಲ್, ಹೀಗೆ ಸಾಗಿ ಶನಿವಾರ ಬ್ರಿಕ್. ಬ್ರಿಕ್ ಎಂದರೆ ಇಟ್ಟಿಗೆಯೇ. ಮೂರು ತಾಸು ಸೈಕಲ್ ತುಳಿದು ಇಳಿದ ತಕ್ಷಣ ಓಡುವುದು. ಆಗ ಕಾಲು ಇಟ್ಟಿಗೆಯ ಹಾಗಾಗುತ್ತದೆ ಎಂದು ಆ ಹೆಸರು ಎನ್ನುತ್ತಾರೆ. ವಾರಕ್ಕೆ ಒಟ್ಟು ಹನ್ನೆರಡು ಗಂಟೆ.

ನಾನು ಲೆಕ್ಕದವನು. ಕಾಗದ ತೆಗೆದುಕೊಂಡು ಕೂತೆ. ವಾರಕ್ಕೆ 168 ಗಂಟೆ. ಆಫೀಸಿಗೆ 47.5. ಮನೆಯಿಂದ ಕುರ್ಚಿಯ ತನಕ ಹೋಗಿ ಬರಲು 17.5. ನಿದ್ದೆಗೆ 49. ಉಳಿದದ್ದು 54. ಇದರಲ್ಲಿ ಸ್ನಾನ, ಊಟ, ಸಂತೆ, ಮಗನ ಗಣಿತ, ಊರಿನಿಂದ ಅಮ್ಮನ ಫೋನು, ಸೊಸೈಟಿ ಮೀಟಿಂಗು, ಯಾರದೋ ಮದುವೆ, ಯಾರದೋ ಬೊಜ್ಜ. ಹನ್ನೆರಡು ಗಂಟೆಯ ಒಂದು ಗಂಟು ಎಲ್ಲಿಯೂ ಬಿದ್ದುಕೊಂಡಿರಲಿಲ್ಲ. ಹಾಗಾಗಿ ನಿದ್ದೆಯಿಂದ ಐದು ತೆಗೆದೆ, ಹೆಂಡತಿಯಿಂದ ನಾಲ್ಕು, ಮಗನಿಂದ ಎರಡು, ಆಫೀಸಿನಿಂದ ಒಂದು. ಇದಕ್ಕೆ ನಮ್ಮ ಇಲಾಖೆಯಲ್ಲಿ ಹೊಂದಾಣಿಕೆ ಎನ್ನುತ್ತೇವೆ, ಪೊಲೀಸ್ ಠಾಣೆಯಲ್ಲಿ ಬೇರೆ ಹೆಸರುಂಟು. ಮೂರೂಮುಕ್ಕಾಲಿಗೆ ಏಳುವವರಲ್ಲಿ ಮೂರು ಜಾತಿ ಎಂದೆನಲ್ಲ, ಈಗ ತಿದ್ದಿಕೊಳ್ಳುತ್ತೇನೆ. ಎರಡೇ.

ಇನ್ನು ಮಾಲು ಖರ್ಚಾದ ಬಗೆ ಕೇಳಿ.

ನಾನು ಈಜು ಕಲಿತದ್ದು ಊರಿನ ಮದಗದಲ್ಲಿ, ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು. ನನ್ನ ಈಜಿನ ವಿಡಿಯೋ ನೋಡಿದ ಕೋಚ್, ಇದು ಈಜಲ್ಲ, ಮುಳುಗಲು ಒಪ್ಪದಿರುವುದು ಎಂದರು. ಮುಂಬಯಿಯ ಮೂರು ಕಡೆ ಸಮುದ್ರವುಂಟು, ಆದರೆ ಊರಿಗೆ ಬೇಡವಾದದ್ದೆಲ್ಲ ಆ ಸಮುದ್ರದೊಳಗೂ ಉಂಟು. ಉಳಿದದ್ದು ಈಜುಕೊಳ. ದಕ್ಷಿಣ ಮುಂಬಯಿಯ ಬ್ರೀಚ್ ಕ್ಯಾಂಡಿಯಲ್ಲಿ ಅಖಂಡ ಭಾರತದ ನಕ್ಷೆಯ ಆಕಾರದ ಕೊಳವುಂಟು. ಅಲ್ಲಿಯ ಸದಸ್ಯರು ಕರಾಚಿಯಲ್ಲಿ ಧುಮುಕಿ ಚಿತ್ತಗಾಂಗ್‌ನಲ್ಲಿ ಏಳಬಹುದು, ವೀಸಾ ಬೇಡ. ನಮ್ಮ ಉಪನಗರದ ಕೊಳದಲ್ಲಿ ಮುಕ್ಕಾಲು ಗಂಟೆಯ ಬ್ಯಾಚು, ಒಂದು ಲೇನಿಗೆ ಹದಿನಾಲ್ಕು ಜನ. ಎಡಕ್ಕೆ ಉಸಿರು ತೆಗೆದರೆ ಯಾರದೋ ಹಿಮ್ಮಡಿ, ಬಲಕ್ಕೆ ತೆಗೆದರೆ ಯಾರದೋ ಬೆನ್ನು. ಸಮುದ್ರದ ಸ್ಪರ್ಧೆಯಲ್ಲಿ ನೂರಾರು ಜನ ಒಟ್ಟಿಗೆ ನುಗ್ಗುವಾಗ ಗಾಬರಿಯಾಗಬೇಡಿ ಎಂದು ಕೋಚ್ ನಾಲ್ಕು ಪುಟ ಸೂಚನೆ ಕಳಿಸಿದ್ದರು. ಬೆಳಿಗ್ಗೆ ಎಂಟೂಕಾಲರ ಫಾಸ್ಟ್ ಲೋಕಲನ್ನು ಡೊಂಬಿವಲಿಯಲ್ಲಿ ಹತ್ತುವವನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಮೊಣಕೈ ಹೊರಗೆ, ಬಾಯಿ ಮುಚ್ಚಿ, ಮುಂದಿನವನ ಬೆನ್ನು ಬಿಡಬೇಡಿ. ಥಾಣೆ ಬರುವಷ್ಟರಲ್ಲಿ ಕಾಲು ನೆಲಕ್ಕೆ ತಾಗಿದರೆ ಪುಣ್ಯ.

ಸೈಕಲಿನ ಕತೆ ಇನ್ನೂ ಚಂದ. ಈ ನಗರ ಹದಿನೈದು ವರ್ಷಗಳಲ್ಲಿ ಕಟ್ಟಿದ ನುಣುಪಾದ ರಸ್ತೆಗಳನ್ನು ಎಣಿಸಿ. 2009ರಲ್ಲಿ ಬಾಂದ್ರಾ–ವರ್ಲಿ ಸೀ ಲಿಂಕ್, 2013ರಲ್ಲಿ ಈಸ್ಟರ್ನ್ ಫ್ರೀವೇ, 2024ರಲ್ಲಿ 21.8 ಕಿ.ಮೀ. ಉದ್ದದ ಅಟಲ್ ಸೇತು ಮತ್ತು ಕೋಸ್ಟಲ್ ರೋಡ್. ನಾಲ್ಕರಲ್ಲೂ ಸೈಕಲಿಗೆ ಪ್ರವೇಶವಿಲ್ಲ. ಸೀ ಲಿಂಕ್ ಮೇಲೆ ವರ್ಷಕ್ಕೊಮ್ಮೆ, ಜನವರಿಯಲ್ಲಿ ಮ್ಯಾರಥಾನ್ ದಿನ, ಮನುಷ್ಯನ ಕಾಲು ಬೀಳಲು ಬಿಡುತ್ತಾರೆ, ದೇವಸ್ಥಾನದ ಗರ್ಭಗುಡಿಯನ್ನು ತೊಳೆಯಲು ಬಿಟ್ಟ ಹಾಗೆ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿ ಸೈಕಲಿಗೆಂದೇ ಪಟ್ಟಿ ಎಳೆದು ರಸ್ತೆ ಮಾಡಿದ್ದರು. ಕಾರುಗಳು ಅದನ್ನು ತುಂಬಾ ಮೆಚ್ಚಿಕೊಂಡು ಅಲ್ಲೇ ನಿಂತವು.

ಆದ್ದರಿಂದ ನಮಗೆ ಉಳಿದದ್ದು ಹೆದ್ದಾರಿ ಮತ್ತು ಕತ್ತಲೆ. ಬೆಳಗಿನ ಐದು ಗಂಟೆ ಎಂದರೆ ನಮಗೆ ಇವತ್ತು, ಕೆಲವು ಕಾರುಗಳಿಗೆ ಅದು ಇನ್ನೂ ನಿನ್ನೆ ರಾತ್ರಿ. ಇಲ್ಲಿ ನಗುವುದು ಕಷ್ಟ. 2023ರ ಮಾರ್ಚಿನಲ್ಲಿ ವರ್ಲಿ ಸೀ ಫೇಸ್‌ನಲ್ಲಿ ಬೆಳಿಗ್ಗೆ ಓಡುತ್ತಿದ್ದ ಒಬ್ಬ ಮಹಿಳೆ, 2024ರ ಫೆಬ್ರವರಿಯಲ್ಲಿ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ ಒಬ್ಬರು, ಕಾರು ಬಡಿದು ತೀರಿಕೊಂಡರು. ಆರೋಗ್ಯಕ್ಕೆಂದು ಮನೆಯಿಂದ ಹೊರಟವರು. ಆ ಸುದ್ದಿ ಬಂದ ವಾರ ನಮ್ಮಂಥವರು ಇನ್ನೊಂದು ಕೆಂಪು ದೀಪ ಕೊಳ್ಳುತ್ತೇವೆ. ರಸ್ತೆ ಕೇಳುವುದಿಲ್ಲ.

ಕಲ್ಯಾಣ–ಶೀಳ್ ರಸ್ತೆಯಲ್ಲಿ ಒಂದು ಶನಿವಾರ ನನ್ನ ಲಕ್ಷಕ್ಕೂ ಮಿಕ್ಕಿದ ಬೆಲೆಯ ಸೈಕಲನ್ನು ಒಬ್ಬ ಪಾವ್‌ವಾಲಾ ಹಿಂದೆ ಹಾಕಿದ. ಕರಿ ಸೈಕಲ್, ಹ್ಯಾಂಡಲಿನ ಎರಡೂ ಕಡೆ ನೀಲಿ ಪ್ಲಾಸ್ಟಿಕ್ಕಿನ ಚೀಲ, ಹಿಂದೆ ಇನ್ನೊಂದು ಮೂಟೆ, ಕಾಲಲ್ಲಿ ಹವಾಯಿ ಚಪ್ಪಲಿ. ಐರನ್‌ಮ್ಯಾನ್ ಹುಟ್ಟಿದ ದ್ವೀಪದಿಂದ ಅವನಿಗೆ ಅಷ್ಟಾದರೂ ಬಂದಿದೆ. ಸಿಗ್ನಲಿನಲ್ಲಿ ಜೊತೆಯಾದಾಗ ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳಿದೆ. “ಕಿಲೋಮೀಟರ್ ಮಾಲೂಮ್ ನಹೀ. ಆಠ್‌ಸೌ ಪಾವ್” ಎಂದ. ನನ್ನ ಕೈಗಡಿಯಾರ ಅಷ್ಟರಲ್ಲಿ ಎದೆಬಡಿತ, ಏರು, ವೇಗ, ಬೆವರು ಎಲ್ಲವನ್ನೂ ಹೇಳಿತ್ತು. ಒಂದು ಪಾವನ್ನೂ ತೋರಿಸಲಿಲ್ಲ.

ಓಟವನ್ನು ಆಫೀಸಿನ ಗಂಟೆಯಿಂದ ಕದ್ದೆ. ಸಂಜೆ ಐದಕ್ಕೆ ಒಂದು ಕಾನ್ಫರೆನ್ಸ್ ಕಾಲ್ ಇರುತ್ತದೆ, ಅದರಲ್ಲಿ ನನ್ನ ಮಾತು ಕೊನೆಯ ಎರಡು ನಿಮಿಷಕ್ಕೆ ಮಾತ್ರ. ಕಿವಿಗೆ ಸಿಕ್ಕಿಸಿಕೊಂಡು, ಮ್ಯೂಟ್ ಮಾಡಿಕೊಂಡು, ಓವಲ್ ಮೈದಾನದ ಸುತ್ತ ಓಡುತ್ತಿದ್ದೆ. ಒಂದು ದಿನ ಸಾಹೇಬರು ನನ್ನ ಹೆಸರನ್ನು ಮೊದಲೇ ಕರೆದರು. ಏದುಸಿರಿನಲ್ಲೇ ಮೂರನೆಯ ತ್ರೈಮಾಸಿಕದ ಬಾಕಿ ವಸೂಲಿಯ ಬಗ್ಗೆ ಮಾತಾಡಿದೆ. ಆ ಕಡೆ ಎರಡು ಕ್ಷಣ ಮೌನ. ಕೆಲಸ ಹೋಯಿತು ಎಂದುಕೊಂಡೆ. ವರ್ಷದ ಕೊನೆಗೆ ಬಂದ ಮೌಲ್ಯಮಾಪನದಲ್ಲಿ ‘ವಿಷಯದ ಬಗ್ಗೆ ಅಪಾರ ಆವೇಶ’ ಎಂದು ಬರೆದಿತ್ತು.

ಇದಕ್ಕಿಂತ ನಗೆಯ ಸಂಗತಿ ಎಂದರೆ, ಆಫೀಸಿನ ಜಂಜಾಟದಿಂದ ಬಿಡುಗಡೆ ಬೇಕೆಂದು ಹಿಡಿದ ಹವ್ಯಾಸದಲ್ಲಿ ನನಗೆ ಇನ್ನೊಂದು ಆಫೀಸೇ ಸಿಕ್ಕಿದ್ದು. ಇಲ್ಲಿಯೂ ಎಕ್ಸೆಲ್ ಹಾಳೆ, ಗುರಿ, ವಾರದ ವರದಿ, ಕೆಂಪು ಬಣ್ಣದಲ್ಲಿ ಬಾಕಿ. ಸಾಹೇಬರು ಮಾತ್ರ ಬೇರೆ, ಇವರು ಮಣಿಕಟ್ಟಿನ ಮೇಲೆ ಕೂತು ರಾತ್ರಿ ನಿದ್ದೆಗೂ ಅಂಕ ಕೊಡುತ್ತಾರೆ. ಸಂಬಳ ಸಿಗುತ್ತದೆ ಎಂದು ಆ ಸಾಹೇಬರಿಗೆ ಕೆಲಸ ಮಾಡುತ್ತಿದ್ದೆ. ಈ ಸಾಹೇಬರನ್ನು ಇಎಂಐ ಮೇಲೆ ತಂದಿದ್ದೇನೆ.

ಮಳೆಗಾಲ ಶುರುವಾದ ಮೇಲೆ ಸೈಕಲು ಹಾಲಿಗೇ ಬಂತು. ಹಿಂದಿನ ಚಕ್ರವನ್ನು ಒಂದು ಯಂತ್ರಕ್ಕೆ ಕಚ್ಚಿಸಿ ನಿಂತಲ್ಲೇ ತುಳಿಯುವುದು. ರಾತ್ರಿ ಹತ್ತರ ಮೇಲೆ ಗರ್ರ್ ಎಂಬ ಸದ್ದು. ಕೆಳಗಿನ ಮನೆಯವರು ಸೊಸೈಟಿಗೆ ಅರ್ಜಿ ಕೊಟ್ಟರು, ಮೇಲಿನವರು ಅಕ್ರಮವಾಗಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಾರೆಂದು. ಅದನ್ನು ಕೇಳಿ ಪಕ್ಕದ ವಿಂಗಿನಿಂದ ನಮ್ಮ ಮಾವ ನೋಡಲಿಕ್ಕೆ ಬಂದರು.

ಮಾವನಿಗೆ ಎಪ್ಪತ್ತೈದು ದಾಟಿದೆ. ಹದಿನಾಲ್ಕರ ಹುಡುಗನಾಗಿ ಊರು ಬಿಟ್ಟು ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತವರು. ಬೆಳಿಗ್ಗೆ ನಾಲ್ಕಕ್ಕೆ ಕಲ್ಲು, ಹಗಲಿಡೀ ಮೇಜು, ಸಂಜೆ ಓಡಿ ಹೋಗಿ ಕನ್ನಡ ರಾತ್ರಿ ಶಾಲೆ, ಮಲಗುವುದು ಅದೇ ಮೇಜುಗಳನ್ನು ಜೋಡಿಸಿ. ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಹೀಗೆ ಓದಿದ ಕರಾವಳಿಯ ಹುಡುಗರಲ್ಲಿ ಬ್ಯಾಂಕಿಗೆ ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ. ಮಾವ ಸ್ವಂತ ಹೋಟೆಲು ಮಾಡಿದರು. ಮೂರು ಆಟವನ್ನು ಒಂದೇ ದಿನ ಆಡುವ ಈ ಸ್ಪರ್ಧೆಗೆ ಆಗ ಹೆಸರಿರಲಿಲ್ಲ.

ಅವರು ಐದು ನಿಮಿಷ ನಿಂತು ನಾನು ತುಳಿಯುವುದನ್ನೇ ನೋಡಿದರು.

“ಇದು ಎಲ್ಲಿಗೂ ಹೋಗುದಿಲ್ವಾ?”

“ಇಲ್ಲ ಮಾವ.”

“ಎಷ್ಟು ಹೊತ್ತು ತುಳಿತಿ?”

“ಒಂದೂವರೆ ಗಂಟೆ.”

“ಅಲ್ಲ ಮಾರಾಯ, ಇಷ್ಟು ಹೊತ್ತು ತಿರುಗಿಸಿದ್ರೆ ನಾಕು ಸೇರು ಉದ್ದು ನುಣ್ಣಗೆ ಆಗ್ತಿತ್ತು. ಒಂದು ಕಲ್ಲಾದ್ರೂ ಕಟ್ಟು ಅದಕ್ಕೆ.”

ಹೆಂಡತಿ ಅಡುಗೆಮನೆಯಲ್ಲಿ ನಕ್ಕಳು. ಅವಳ ಬ್ಯಾಂಕು ಥಾಣೆಯಲ್ಲಿ, ಅವಳ ಲೋಕಲ್ಲೂ ಅಷ್ಟೇ ತುಂಬಿರುತ್ತದೆ. ಅವಳು ಏಳುವುದು ಐದಕ್ಕೆ. ಮೊದಲು ಎರಡು ಡಬ್ಬಿ ಕಟ್ಟುತ್ತಿದ್ದಳು, ಈಗ ಮೂರು. ನನ್ನ ಮೊಟ್ಟೆಯ ಬಿಳಿ, ಬೇಯಿಸಿದ ಹೆಸರು, ಎಣ್ಣೆಯಿಲ್ಲದ ಪಲ್ಯ ಬೇರೆಯೇ. “ನೋಡಿ, ನೀವು ಬೆಳಿಗ್ಗೆ ಎದ್ದು ಬೆವರಿದರೆ ಅದು ಸಾಧನೆ. ನಾನು ಬೆಳಿಗ್ಗೆ ಎದ್ದು ಬೆವರಿದರೆ ಅದು ಒಗ್ಗರಣೆ” ಎಂದು ಒಂದು ದಿನ ಹೇಳಿದಳು, ಜಗಳದ ದನಿಯಲ್ಲಲ್ಲ, ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕುವ ದನಿಯಲ್ಲಿ.

ಆ ಡಬ್ಬಿ ನನ್ನ ಮೇಜಿಗೆ ಬರುವ ದಾರಿಯನ್ನೂ ಹೇಳಿಬಿಡುತ್ತೇನೆ. ಡಬ್ಬಾವಾಲಾ ಅದನ್ನು ಸೈಕಲಿಗೆ ನೇತುಹಾಕಿ ಸ್ಟೇಷನ್ನಿಗೆ ತರುತ್ತಾನೆ, ಲೋಕಲಿನ ಲಗೇಜ್ ಡಬ್ಬದಲ್ಲಿ ತಲೆಹೊರೆಯ ಹಲಗೆಯ ಜೊತೆ ನಿಲ್ಲುತ್ತಾನೆ, ಇಳಿದು ನಡೆಯುತ್ತಾನೆ. 1890ರಿಂದ ಅವರ ಮೂರು ಆಟ ಇದೇ. ನಡುವೆ ಟಿ-ಒನ್, ಟಿ-ಟೂ ಎಂದು ನಾವು ಕೈಗಡಿಯಾರ ಒತ್ತುವ ಬದಲಾವಣೆಯನ್ನು ಅವರು ರೈಲು ನಿಂತಿರುವ ಅಷ್ಟೇ ಹೊತ್ತಿನಲ್ಲಿ ಮುಗಿಸುತ್ತಾರೆ. ಅಂದರೆ, ಎಲ್ಲಿಗೂ ಹೋಗದ ಸೈಕಲನ್ನು ನಾನು ರಾತ್ರಿ ತುಳಿಯಲಿ ಎಂದು, ಬೆಳಿಗ್ಗೆ ಇನ್ನೊಬ್ಬ ನಿಜವಾದ ಸೈಕಲ್ ತುಳಿದು ನನ್ನ ಪಥ್ಯದ ಊಟ ತರುತ್ತಾನೆ. ಕದ್ದ ಮಾಲನ್ನು ಸಾಗಿಸುವವರೂ ಬೇಕಲ್ಲ.

ಜುಲೈ ಬಂತು. ಒಂದು ಸಂಜೆ ಸಾಯನ್ ದಾಟಿದ ಮೇಲೆ ಲೋಕಲ್ ನಿಂತಿತು. ಹಳಿ ಕಾಣಿಸುತ್ತಿರಲಿಲ್ಲ. ಒಂದೂವರೆ ಗಂಟೆ ಕಾದು ಎಲ್ಲರ ಹಾಗೆ ಧುಮುಕಿದೆ. ಬ್ಯಾಗು ತಲೆಯ ಮೇಲೆ, ನೀರು ತೊಡೆಯ ತನಕ, ತೇಲಿ ಬರುವ ಒಂದು ಚಪ್ಪಲಿ, ಅದರ ಹಿಂದೆ ಯಾರದೋ ಬಾಲ್ದಿ. ಕುರ್ಲಾದ ಕಡೆ ಕೈ ಬೀಸಿಕೊಂಡು ಹೋಗುತ್ತಿದ್ದಾಗ ಮಣಿಕಟ್ಟು ನಡುಗಿತು. ನೀವು ವ್ಯಾಯಾಮ ಮಾಡುತ್ತಿರುವಂತಿದೆ, ದಾಖಲಿಸಲೇ ಎಂದು ಗಡಿಯಾರ ಕೇಳುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೌದು ಎಂದು ಒತ್ತಿದೆ. ಆ ತಿಂಗಳ ನನ್ನ ಅತ್ಯುತ್ತಮ ಅಂಕ ಅದೇ.

ಮನೆಗೆ ಬಂದು ಮಾವನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಆ ವರ್ಷ ನೀನು ಎಷ್ಟು ಗಂಟೆಗೆ ಬಂದದ್ದು ನೆನಪುಂಟಾ?” ಎಂದರು.

ಯಾವ ವರ್ಷ ಎಂದು ಮುಂಬಯಿಯಲ್ಲಿ ಯಾರೂ ಕೇಳುವುದಿಲ್ಲ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ, ಕೊಲಾಬಾದಲ್ಲಿ 73. ನಾನು ಇಪ್ಪತ್ನಾಲ್ಕರ ಹುಡುಗ, ಮುಲುಂಡ್‌ನಲ್ಲಿ ಮಾವನ ಹೋಟೆಲಿನ ಮಾಳಿಗೆಯಲ್ಲಿ ವಾಸ. ಫೋರ್ಟಿನಲ್ಲಿ ಕೂತ ನಮಗೆ ಅದು ಸಾಮಾನ್ಯ ಮಳೆಯೇ. ಸಂಜೆ ಐದಕ್ಕೆ ಕೆಳಗಿಳಿದರೆ ರೈಲಿಲ್ಲ, ಬಸ್ಸಿಲ್ಲ, ಫೋನು ಸಿಗುವುದಿಲ್ಲ. ನಡೆಯಲು ಶುರು ಮಾಡಿದೆ. ಸಾಯನ್‌ನಲ್ಲಿ ಎದೆಯ ತನಕ ನೀರು, ಮುಂದಿನವನ ಭುಜ ಹಿಡಿದು ಹಿಂದಿನವನು, ಅವನ ಭುಜ ಹಿಡಿದು ಇನ್ನೊಬ್ಬ. ದಾರಿಯ ಬದಿಯ ಚಾಳಿನವರು ಕತ್ತಲೆಯಲ್ಲಿ ನಿಂತು ಚಹಾ, ಬಿಸ್ಕೆಟು ಕೊಡುತ್ತಿದ್ದರು. ಊರಿನಲ್ಲಿ ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವ ಹಾಗೆ, ಯಾರು ಎಂದು ಕೇಳದೆ. ಮೂವತ್ತು ಕಿಲೋಮೀಟರಿಗೂ ಹೆಚ್ಚು. ನೀರು, ಕೆಸರು, ಡಾಂಬರು ಮೂರರಲ್ಲೂ ಊರಿಗೆ ಊರೇ ನಡೆಯಿತು. ಹೆಸರು ನೋಂದಾಯಿಸಿದವರಿಲ್ಲ, ಎದೆಗೆ ಸಂಖ್ಯೆ ಇಲ್ಲ. ಹೊರಟವರಲ್ಲಿ ಎಷ್ಟೋ ಮಂದಿ ಮುಟ್ಟಲೇ ಇಲ್ಲ.

ನಾನು ಮುಟ್ಟಿದ್ದು ಬೆಳಗಿನ ಜಾವ ಮೂರೂಮುಕ್ಕಾಲಿಗೆ. ಹೋಟೆಲಿನ ಶಟರ್ ಅರ್ಧ ಎತ್ತಿಟ್ಟಿತ್ತು. ಒಳಗೆ ಮೇಣದ ಬತ್ತಿ, ಒಲೆಯ ಮೇಲೆ ಗಂಜಿ. ಮಾವ ಬಾಗಿಲ ಹತ್ತಿರ ಸ್ಟೂಲು ಹಾಕಿ ಕೂತಿದ್ದರು. ಎಷ್ಟು ಹೊತ್ತು ಹಿಡಿಯಿತು ಎಂದು ಅವರು ಅವತ್ತು ಕೇಳಿರಲಿಲ್ಲ. ಒಂದು ಒಣ ಬೈರಾಸ ಕೊಟ್ಟಿದ್ದರು.

“ನೆನಪುಂಟು ಮಾವ” ಎಂದೆ.

“ಅವತ್ತು ನಾವು ಕಾಯ್ತಾ ಇದ್ದೆವು. ಹಾಗೆ ನೀನು ನಡೆದೆ. ಗೋವಾದಲ್ಲಿ ಯಾರು ಕಾಯ್ತಾರೆ ನಿನಗೆ?”

ಸ್ವಲ್ಪ ಯೋಚಿಸಿ, “ಫೋಟೋ ತೆಗೆಯುವವರು” ಎಂದೆ.

ಅದಕ್ಕೆ ದುಡ್ಡು ಬೇರೆ ಎಂದು ಹೇಳಲಿಲ್ಲ.